131ರ ಲೆಕ್ಕ: ಹೆಬ್ಬಾಳದ ಮತಕ್ಕೆ ರಾಷ್ಟ್ರಪತಿ ಚುನಾವಣೆಯಲ್ಲಿ ಎಷ್ಟು ಬೆಲೆ?

ಯಲಹಂಕದ ಶಾಸಕರ ಮತಕ್ಕೆ 131. ಹೆಬ್ಬಾಳದ ಶಾಸಕರ ಮತಕ್ಕೂ 131. ಬ್ಯಾಟರಾಯನಪುರ, ಯಶವಂತಪುರ, ಅತ್ತ ಬೀದರ್, ಇತ್ತ ಶೃಂಗೇರಿ, ಎಲ್ಲರಿಗೂ ಅದೇ 131. ರಾಷ್ಟ್ರಪತಿ ಚುನಾವಣೆ ಬಂದಾಗ ವಿಧಾನಸೌಧದಲ್ಲಿ ಗುಲಾಬಿ ಬಣ್ಣದ ಮತಪತ್ರ ಹಿಡಿಯುವ ಕರ್ನಾಟಕದ 224 ಶಾಸಕರಲ್ಲಿ ಪ್ರತಿಯೊಬ್ಬರ ಮತದ ಮೌಲ್ಯ ಅಷ್ಟು. ಉತ್ತರ ಪ್ರದೇಶದ ಶಾಸಕರಿಗೆ 208, ತಮಿಳುನಾಡಿನವರಿಗೆ 176, ಕೇರಳದವರಿಗೆ 152, ಗೋವಾದವರಿಗೆ 20, ಸಿಕ್ಕಿಂನವರಿಗೆ 7. ಸಂಸದರದು ಹಸಿರು ಮತಪತ್ರ. 2022ರ ಚುನಾವಣೆಯಲ್ಲಿ ಅದರ ಬೆಲೆ 700.

ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ ಬಂತೆಂದರೆ ಅಲ್ಲಿನ ಎಲೆಕ್ಟೋರಲ್ ಕಾಲೇಜಿನ ವಿಚಿತ್ರಗಳ ಬಗ್ಗೆ ಇಲ್ಲಿ ಪತ್ರಿಕೆಗಳ ಪುಟ ತುಂಬುತ್ತದೆ, ಟಿವಿಯಲ್ಲಿ ನಕ್ಷೆಗಳು ಕೆಂಪು ನೀಲಿ ಆಗುತ್ತವೆ. ನಮ್ಮದೇ ಸಂವಿಧಾನದ 54 ಮತ್ತು 55ನೇ ವಿಧಿಗಳಲ್ಲಿ ಒಂದು ಎಲೆಕ್ಟೋರಲ್ ಕಾಲೇಜು ಇದೆ, ಅದರಲ್ಲಿ ನಮ್ಮ ಬಡಾವಣೆಯ ಶಾಸಕರಿಗೂ ಒಂದು ಮತವಿದೆ ಎಂಬುದು ಮಾತ್ರ ಐದು ವರ್ಷಕ್ಕೊಮ್ಮೆ ಒಂದು ವಾರದ ಸುದ್ದಿಯಾಗಿ ಮರೆತುಹೋಗುತ್ತದೆ. ಆ 131 ಎಲ್ಲಿಂದ ಬಂತು, ಅಮೆರಿಕದ ಲೆಕ್ಕಕ್ಕೂ ಅದಕ್ಕೂ ಎಲ್ಲಿ ವ್ಯತ್ಯಾಸ, ಉತ್ತರ ಬೆಂಗಳೂರಿನವರ ಪಾಲಿಗೆ ಅದರಲ್ಲಿ ಏನು ಉಳಿಯುತ್ತದೆ ಎಂಬುದನ್ನು ಕೂಡಿ ಕಳೆದು ನೋಡಬಹುದು. ಬೇಕಾಗುವುದು ಭಾಗಾಕಾರ ಒಂದೇ.

ಸೂತ್ರ

1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು ಚುನಾಯಿತ ಶಾಸಕರ ಸಂಖ್ಯೆ 224ರಿಂದ ಭಾಗಿಸಿದರೆ 1,30,799. ಅದರಲ್ಲಿ ಎಷ್ಟು ಸಾವಿರಗಳಿವೆ? 130. ಉಳಿದದ್ದು 799. ಶೇಷ 500 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೇರಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಹೀಗೆ 131. ವಿಧಾನ ಪರಿಷತ್ತಿನ 75 ಸದಸ್ಯರಿಗೆ ಇಲ್ಲಿ ಮತವಿಲ್ಲ. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಿಗೂ ಇಲ್ಲ. ಜನರಿಂದಲೋ ಜನಪ್ರತಿನಿಧಿಗಳಿಂದಲೋ ಆರಿಸಿ ಬಂದವರಿಗಷ್ಟೇ ಅವಕಾಶ, ಅದರಲ್ಲೂ ರಾಜ್ಯಗಳಿಂದ ವಿಧಾನಸಭೆಯವರಿಗೆ ಮಾತ್ರ.

ಆ 500ರ ಗೆರೆಯ ಆಟ ಸಣ್ಣದಲ್ಲ. ಮಧ್ಯಪ್ರದೇಶದ ಜನಸಂಖ್ಯೆ 1971ರಲ್ಲಿ, ಛತ್ತೀಸಗಡ ಬಿಟ್ಟು, 3,00,16,625. ಶಾಸಕರು 230. ಭಾಗಿಸಿದರೆ 1,30,507. ಶೇಷ 507, ಗೆರೆ ದಾಟಿದ್ದು ಬರೀ ಏಳರಿಂದ. ಅಲ್ಲಿಯ ಗಣತಿಯಲ್ಲಿ ಇಡೀ ರಾಜ್ಯಕ್ಕೆ 1,626 ಜನ ಕಡಿಮೆ ಸಿಕ್ಕಿದ್ದರೆ ಮಧ್ಯಪ್ರದೇಶದ ಶಾಸಕರ ಮತ 130ಕ್ಕೆ ಇಳಿದು, ರಾಜ್ಯ ಒಟ್ಟು 230 ಮತಮೌಲ್ಯ ಕಳೆದುಕೊಳ್ಳುತ್ತಿತ್ತು. ಕೇರಳದ ಅದೃಷ್ಟ ಇದಕ್ಕೆ ವಿರುದ್ಧ. 2,13,47,375 ಜನ, 140 ಶಾಸಕರು. ಭಾಗಿಸಿದರೆ 1,52,481. ಗೆರೆಗೆ ಹತ್ತೊಂಬತ್ತು ಕಡಿಮೆ. ಇನ್ನೂ 2,625 ಮಂದಿ ಲೆಕ್ಕಕ್ಕೆ ಸಿಕ್ಕಿದ್ದರೆ ಕೇರಳದ ಒಂದೊಂದು ಮತ 153 ಆಗಿ, ರಾಜ್ಯದ ಬುಟ್ಟಿಗೆ 140 ಹೆಚ್ಚಾಗಿ ಬೀಳುತ್ತಿತ್ತು. ಐವತ್ತು ವರ್ಷಗಳ ಹಿಂದೆ ಯಾವ ಊರಿನ ಗಣತಿದಾರರು ಯಾವ ಮನೆ ಬಿಟ್ಟರೋ!

ಎಲ್ಲ ಶಾಸಕರ ಮತಮೌಲ್ಯ ಕೂಡಿದರೆ 2022ರಲ್ಲಿ 5,43,231 ಬಂತು. ಸಂಸತ್ತಿನ ಎರಡೂ ಸದನಗಳ ಚುನಾಯಿತ ಸ್ಥಾನ 776. ಭಾಗಿಸಿದರೆ ಹತ್ತಿರದ ಪೂರ್ಣಾಂಕ 700. ಸಂಸದರ ಒಟ್ಟು 5,43,200. ಎರಡು ತಟ್ಟೆಗಳ ನಡುವೆ ಅಂತರ ಕೇವಲ 31. ಒಕ್ಕೂಟ ಒಂದು ಕಡೆ, ರಾಜ್ಯಗಳು ಇನ್ನೊಂದು ಕಡೆ, ಇಬ್ಬರಿಗೂ ಸಮ ತೂಕ ಎಂಬ ಸಂವಿಧಾನದ ಮಾತು ಹೀಗೆ ಅಂಕಿಯಾಗುತ್ತದೆ. 2017ರಲ್ಲಿ ಸಂಸದರ ಮತಕ್ಕೆ 708 ಇತ್ತು. 2022ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ವಿಧಾನಸಭೆಯೇ ಇರಲಿಲ್ಲ. ಅಲ್ಲಿನ 87 ಶಾಸಕರ ತಲಾ 72, ಒಟ್ಟು 6,264 ಹೋಯಿತು. ಅದರ ಪೆಟ್ಟು ಬೆಂಗಳೂರು ಉತ್ತರದ ಸಂಸದರಿಗೂ ಬಿತ್ತು, ಎಂಟು ಕಡಿಮೆ.

ಒಬ್ಬರೇ ವ್ಯಕ್ತಿಯ ಮೂಲಕ ಈ ವ್ಯತ್ಯಾಸ ನೋಡಿ. 2008ರಲ್ಲಿ ಯಶವಂತಪುರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದವರು ಶೋಭಾ ಕರಂದ್ಲಾಜೆ. 2012ರಲ್ಲಿ ಪ್ರಣಬ್ ಮುಖರ್ಜಿ ಆಯ್ಕೆಯಾದ ಚುನಾವಣೆಗೆ ಶಾಸಕಿಯಾಗಿ ಅವರ ಪಾಲಿನ ಮೌಲ್ಯ 131. 2022ರ ಹೊತ್ತಿಗೆ ಉಡುಪಿ-ಚಿಕ್ಕಮಗಳೂರಿನ ಸಂಸದೆ, ಮೌಲ್ಯ 700. ಈಗ ಬೆಂಗಳೂರು ಉತ್ತರದ ಸಂಸದೆ. ಒಬ್ಬ ಸಂಸದರ ಮತ ಕರ್ನಾಟಕದ ಐದು ಶಾಸಕರಿಗಿಂತ ತುಸು ಹೆಚ್ಚು ತೂಗುತ್ತದೆ, 5.34 ಪಟ್ಟು.

ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ ಹೆಬ್ಬಾಳ, ಬ್ಯಾಟರಾಯನಪುರ, ಯಶವಂತಪುರ, ದಾಸರಹಳ್ಳಿ, ಮಲ್ಲೇಶ್ವರ, ಮಹಾಲಕ್ಷ್ಮಿ ಲೇಔಟ್, ಪುಲಕೇಶಿನಗರ, ಕೆ.ಆರ್. ಪುರ ಎಂದು ಎಂಟು ವಿಧಾನಸಭಾ ಕ್ಷೇತ್ರ. ಎಂಟು ಶಾಸಕರದು 1,048, ಸಂಸದರದು 700, ಒಟ್ಟು 1,748. ಯಲಹಂಕ ಇದರಲ್ಲಿಲ್ಲ. ಅದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ಯಶವಂತಪುರದ್ದು ಇನ್ನೊಂದು ತಮಾಷೆ. ಯಶವಂತಪುರ ವಾರ್ಡಿನವರು ಮತ ಹಾಕುವುದು ರಾಜರಾಜೇಶ್ವರಿನಗರ ವಿಧಾನಸಭಾ ಕ್ಷೇತ್ರದಲ್ಲಿ. ಯಶವಂತಪುರ ಎಂಬ ಹೆಸರಿನ ಕ್ಷೇತ್ರ ಇರುವುದು ಕೆಂಗೇರಿ, ತಾವರೆಕೆರೆ ಕಡೆ. ಹೊಸಬರು ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ ಸುಸ್ತಾಗುವುದು ಸಹಜ.

ಫಿಲಡೆಲ್ಫಿಯಾದಲ್ಲಿ ಕೂತವರು

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಎಲೆಕ್ಟರುಗಳು 538. ಪ್ರತಿನಿಧಿ ಸಭೆಯ 435, ಸೆನೆಟ್ಟಿನ 100, ರಾಜಧಾನಿ ವಾಷಿಂಗ್ಟನ್ನಿಗೆ 1961ರ ತಿದ್ದುಪಡಿಯಿಂದ ಸಿಕ್ಕ 3. ಗೆಲ್ಲಲು 270 ಬೇಕು. ಪ್ರತಿ ರಾಜ್ಯಕ್ಕೆ ಜನಸಂಖ್ಯೆಗೆ ತಕ್ಕಂತೆ ಪ್ರತಿನಿಧಿ ಸ್ಥಾನ ಸಿಗುತ್ತದೆ, ಅದರ ಮೇಲೆ ಸೆನೆಟ್ ಲೆಕ್ಕದ ಎರಡು ಉಚಿತ. ಈ ಎರಡರಿಂದಲೇ ಮೊದಲ ಏರುಪೇರು. 2020ರ ಗಣತಿಯಲ್ಲಿ ವಯೋಮಿಂಗ್ ರಾಜ್ಯದ ಜನ 5,76,851, ಎಲೆಕ್ಟರುಗಳು 3. ಕ್ಯಾಲಿಫೋರ್ನಿಯದ ಜನ 3,95,38,223, ಎಲೆಕ್ಟರುಗಳು 54. ವಯೋಮಿಂಗ್‌ನಲ್ಲಿ 1.92 ಲಕ್ಷ ಜನಕ್ಕೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯದಲ್ಲಿ 7.32 ಲಕ್ಷಕ್ಕೆ ಒಬ್ಬ. 3.8 ಪಟ್ಟು ವ್ಯತ್ಯಾಸ. ಯಲಹಂಕದಿಂದ ಕ್ಯಾಲಿಫೋರ್ನಿಯದ ಸನ್ನಿವೇಲ್‌ಗೆ ಹೋಗಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರ ಮತ ಅಲ್ಲಿನ ಅತ್ಯಂತ ಹಗುರ ಮತಗಳಲ್ಲಿ ಒಂದು.

ಎರಡನೆಯ ಏರುಪೇರು ಗೆದ್ದವರಿಗೆ ಪೂರಾ ಕೊಡುವ ಪದ್ಧತಿಯದು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದ 48 ರಾಜ್ಯಗಳಲ್ಲಿ, ರಾಜಧಾನಿಯಲ್ಲೂ, ಒಂದೇ ಮತ ಹೆಚ್ಚು ಬಂದರೂ ಎಲ್ಲ ಎಲೆಕ್ಟರುಗಳು ಗೆದ್ದವರ ಪಾಲು. 2000ದಲ್ಲಿ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಮುಂದಿದ್ದದ್ದು 537 ಮತಗಳಿಂದ. ದೇಶದಾದ್ಯಂತ ಅಲ್ ಗೋರ್‌ಗೆ ಐದು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಿದ್ದಿತ್ತು. ಅಂತಿಮ ಲೆಕ್ಕ 271ಕ್ಕೆ 266, ಅಧ್ಯಕ್ಷ ಬುಷ್. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದೂ ಸೋತರು.

ಇಂಥದ್ದನ್ನು ಯಾಕೆ ಕಟ್ಟಿದರು? ಸಣ್ಣ ರಾಜ್ಯಗಳ ರಕ್ಷಣೆಗೆ ಎಂಬ ಉತ್ತರ ಶಾಲಾ ಪುಸ್ತಕದ್ದು. ಅರ್ಧ ನಿಜ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರ ಮುಂದೆ ಜನರೇ ನೇರ ಆರಿಸಲಿ ಎಂಬ ಸಲಹೆಯೂ ಇತ್ತು, ಪೆನ್ಸಿಲ್ವೇನಿಯದ ಜೇಮ್ಸ್ ವಿಲ್ಸನ್ ಅದರ ಪರ ವಾದಿಸಿದ್ದರು. ದಕ್ಷಿಣದ ರಾಜ್ಯಗಳಿಗೆ ಅದು ನುಂಗಲಾರದ ತುತ್ತು. ಅಲ್ಲಿನ ಜನಸಂಖ್ಯೆಯ ದೊಡ್ಡ ಪಾಲು ಗುಲಾಮರು, ಅವರಿಗೆ ಮತವಿಲ್ಲ. ನೇರ ಚುನಾವಣೆಯಾದರೆ ದಕ್ಷಿಣದ ತೂಕ ಕುಸಿಯುತ್ತದೆ ಎಂಬುದನ್ನು ವರ್ಜೀನಿಯದ ಮ್ಯಾಡಿಸನ್ ಸಭೆಯಲ್ಲೇ ಹೇಳಿದರು. ಪ್ರತಿನಿಧಿ ಸಭೆಯ ಸ್ಥಾನ ಹಂಚಲು ಐವರು ಗುಲಾಮರನ್ನು ಮೂವರೆಂದು ಎಣಿಸುವ ಒಪ್ಪಂದ ಆಗಲೇ ಆಗಿತ್ತು. ಎಲೆಕ್ಟರುಗಳ ಸಂಖ್ಯೆಯನ್ನು ಅದೇ ಸ್ಥಾನಗಳಿಗೆ ಕಟ್ಟಿಹಾಕಿದಾಗ ಗುಲಾಮರ ಸಂಖ್ಯೆ ಒಡೆಯರ ರಾಜ್ಯದ ಬಲವಾಯಿತು. 1790ರ ಗಣತಿ ನೋಡಿ. ವರ್ಜೀನಿಯದಲ್ಲಿ 7,47,610 ಜನ, ಅವರಲ್ಲಿ 2,92,627 ಗುಲಾಮರು. ಸ್ವತಂತ್ರರು ಸುಮಾರು 4.55 ಲಕ್ಷ. ಪೆನ್ಸಿಲ್ವೇನಿಯದಲ್ಲಿ ಸ್ವತಂತ್ರರು ಸುಮಾರು 4.30 ಲಕ್ಷ. ಹೆಚ್ಚುಕಡಿಮೆ ಸರಿಸಮ. 1792ರ ಚುನಾವಣೆಯಲ್ಲಿ ವರ್ಜೀನಿಯಕ್ಕೆ 21 ಎಲೆಕ್ಟರುಗಳು, ಪೆನ್ಸಿಲ್ವೇನಿಯಕ್ಕೆ 15. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷಗಾದಿಯಲ್ಲಿ ವರ್ಜೀನಿಯದವರೇ ಕೂತದ್ದರ ಹಿಂದೆ ಈ ಆರು ಮತಗಳ ಲೆಕ್ಕವೂ ಇದೆ.

ಗುಲಾಮಗಿರಿ ಹೋಯಿತು, ಐದಕ್ಕೆ ಮೂರು ಹೋಯಿತು, ಪದ್ಧತಿ ಉಳಿಯಿತು. ಅದನ್ನು ಬದಲಿಸಬೇಕಾದರೆ ಮುಕ್ಕಾಲು ಪಾಲು ರಾಜ್ಯಗಳು ಒಪ್ಪಬೇಕು. ಎರಡು ಉಚಿತ ಮತ ಪಡೆಯುವ ಸಣ್ಣ ರಾಜ್ಯಗಳು ಯಾಕೆ ಒಪ್ಪುತ್ತವೆ?

ಹತ್ತೂವರೆ ಕೋಟಿ ರೂಪಾಯಿಯ ವಾದ

ನಮ್ಮ ಸಂವಿಧಾನ ಸಭೆಯಲ್ಲೂ ನೇರ ಚುನಾವಣೆಯ ಪ್ರಶ್ನೆ ಬಂದಿತ್ತು. 1947ರ ಜುಲೈನಲ್ಲಿ ನೆಹರೂ, 1948ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಕೊಟ್ಟ ಉತ್ತರಗಳ ತಿರುಳು ಎರಡು. ಅಧಿಕಾರ ಮಂತ್ರಿಮಂಡಲದ ಕೈಯಲ್ಲಿರುವಾಗ ರಾಷ್ಟ್ರಪತಿಯನ್ನು ಕೋಟ್ಯಂತರ ಜನ ನೇರ ಆರಿಸುವುದು ಹೊಂದುವುದಿಲ್ಲ. ಎರಡನೆಯದು, ಅಷ್ಟು ದೊಡ್ಡ ಮತದಾರ ಸಮೂಹಕ್ಕೆ ಇನ್ನೊಂದು ಚುನಾವಣೆ ನಡೆಸುವ ಶಕ್ತಿ ದೇಶಕ್ಕಿಲ್ಲ. ನೇರ ಚುನಾವಣೆಗಾಗಿ ಹಟ ಹಿಡಿದವರಲ್ಲಿ ಮುಖ್ಯರು ಅರ್ಥಶಾಸ್ತ್ರಜ್ಞ ಕೆ.ಟಿ. ಷಾ. ಸೋತರು. 1952ರಲ್ಲಿ ಅವರೇ ರಾಜೇಂದ್ರ ಪ್ರಸಾದರ ವಿರುದ್ಧ, ತಾವು ವಿರೋಧಿಸಿದ್ದ ಪದ್ಧತಿಯಲ್ಲೇ, ಸ್ಪರ್ಧೆಗೆ ಇಳಿದರು. ಫಲಿತಾಂಶ 5,07,400ಕ್ಕೆ 92,827.

ಖರ್ಚಿನ ವಾದಕ್ಕೆ ಅಂಕಿಗಳ ಬೆಂಬಲವಿತ್ತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಮತದಾರರು 17.3 ಕೋಟಿ, ಖರ್ಚು 10.45 ಕೋಟಿ ರೂಪಾಯಿ, ತಲೆಗೆ 60 ಪೈಸೆ. ಐದು ವರ್ಷಕ್ಕೆ ಇಂಥದ್ದು ಎರಡು ನಡೆಸಲು ಅಂದಿನ ಖಜಾನೆ ಎಲ್ಲಿತ್ತು? ಇಂದು ಲೋಕಸಭೆ ಚುನಾವಣೆಯ ಖರ್ಚು ಸಾವಿರಾರು ಕೋಟಿ, ಮತಗಟ್ಟೆಗಳು ಹತ್ತು ಲಕ್ಷಕ್ಕೂ ಮೇಲೆ. ರಾಷ್ಟ್ರಪತಿ ಚುನಾವಣೆಗೆ 2022ರಲ್ಲಿ ಮತದಾರರು 4,809. ಸಂಸತ್ತು, ವಿಧಾನಸಭೆಗಳ ಅಂಗಳ, ಕೆಲವು ಪೆಟ್ಟಿಗೆ, ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನು. ಅಭ್ಯರ್ಥಿ ಕಟ್ಟಬೇಕಾದ ಠೇವಣಿ 15,000 ರೂಪಾಯಿ. ದುಬಾರಿ ಬೀಳುವುದು ಠೇವಣಿಯಲ್ಲ, 50 ಸೂಚಕರು ಮತ್ತು 50 ಅನುಮೋದಕರ ಸಹಿ. ಎಲ್ಲರೂ ಸಂಸದರೋ ಶಾಸಕರೋ ಆಗಿರಬೇಕು. 1967ರಲ್ಲಿ 17 ಜನ, 1969ರಲ್ಲಿ 15 ಜನ ಕಣಕ್ಕಿಳಿದಿದ್ದರಿಂದ ಬೇಲಿ ಎತ್ತರಿಸುತ್ತ ಬಂದದ್ದರ ಫಲ ಇದು.

ನಮ್ಮ ಕಾಲೇಜಿನಲ್ಲಿ ಗೆದ್ದವರಿಗೆ ಪೂರಾ ಎಂಬುದಿಲ್ಲ. ಕರ್ನಾಟಕದ 29,344 ಮತಮೌಲ್ಯ ಒಟ್ಟಾಗಿ ಒಬ್ಬರಿಗೇ ಹೋಗುವುದಿಲ್ಲ, ಒಬ್ಬೊಬ್ಬ ಶಾಸಕರು ಗುಟ್ಟಾಗಿ ಹಾಕುತ್ತಾರೆ. ಪಕ್ಷ ವಿಪ್ ಹೊರಡಿಸುವಂತಿಲ್ಲ. ಪ್ರಾಶಸ್ತ್ಯದ ಕ್ರಮದಲ್ಲಿ 1, 2, 3 ಎಂದು ಬರೆಯಬೇಕು. ಈ ಎರಡು ನಿಯಮಗಳ ಪರೀಕ್ಷೆ ನಿಜವಾಗಿ ನಡೆದದ್ದು ಒಮ್ಮೆಯೇ, ಅದರ ಬೀಜ ಬಿದ್ದದ್ದು ಬೆಂಗಳೂರಿನಲ್ಲಿ.

1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯಾಗಿ ಆರಿಸಿತು. ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಆತ್ಮಸಾಕ್ಷಿಯ ಮತ ಎಂಬ ಮಾತು ಆಗ ಮನೆಮನೆಯ ಮಾತಾಯಿತು. ಆಗಸ್ಟ್ 16ರ ಮತದಾನದಲ್ಲಿ ಮೊದಲ ಪ್ರಾಶಸ್ತ್ಯ ಎಣಿಸಿದಾಗ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖರಿಗೆ 1,12,769. ಗೆಲುವಿನ ಕೋಟಾ 4,18,169. ಯಾರೂ ಮುಟ್ಟಿರಲಿಲ್ಲ. ಎರಡನೆಯ ಪ್ರಾಶಸ್ತ್ಯ ಎಣಿಸಬೇಕಾಯಿತು. ದೇಶಮುಖರ ಬೆಂಬಲಿಗರಲ್ಲಿ ಬಹುತೇಕರು ರೆಡ್ಡಿಯತ್ತ ಹೊರಳಿದರೂ ಗಿರಿ 4,20,077ಕ್ಕೆ ತಲುಪಿದರು, ರೆಡ್ಡಿ 4,05,427ಕ್ಕೆ ನಿಂತರು. ಕೋಟಾಕ್ಕಿಂತ 1,908 ಹೆಚ್ಚು. ಆಗ ಸಂಸದರ ಮತಕ್ಕೆ 576. ಕೋಟಾ ದಾಟಿದ್ದು ನಾಲ್ಕು ಸಂಸದರಷ್ಟೂ ಅಲ್ಲದ ತೂಕದಿಂದ. ಕೆಲವೇ ತಿಂಗಳಲ್ಲಿ ಕಾಂಗ್ರೆಸ್ ಎರಡು ಹೋಳು.

ಅಂಥ ಬಿಗಿ ಸ್ಪರ್ಧೆ ಮತ್ತೆ ನಡೆದಿಲ್ಲ. 2022ರಲ್ಲಿ ದ್ರೌಪದಿ ಮುರ್ಮು 6,76,803, ಯಶವಂತ ಸಿನ್ಹಾ 3,80,177. ಕೋಟಾ 5,28,491. ಆದರೂ 53 ಮತ ಅಸಿಂಧು, ಅವುಗಳಲ್ಲಿ 15 ಸಂಸದರವು. ಕಾನೂನು ಮಾಡುವವರು ಒಂದು ಅಂಕಿಯನ್ನು ಸರಿಯಾದ ಜಾಗದಲ್ಲಿ ಬರೆಯದೆ 10,500 ಮತಮೌಲ್ಯ ಕಸದ ಬುಟ್ಟಿಗೆ ಹಾಕಿದ್ದು ನನಗೆ ಈ ಇಡೀ ಲೆಕ್ಕದಲ್ಲಿ ಅರ್ಥವಾಗದ ಸಂಗತಿ.

ನಿಂತ ಗಡಿಯಾರ

ಕಾಗದದ ಮೇಲೆ ನಮ್ಮ ಸೂತ್ರ ಅಮೆರಿಕದ್ದಕ್ಕಿಂತ ನ್ಯಾಯವಾದದ್ದು. ಸಿಕ್ಕಿಂ ಶಾಸಕರಿಗೆ 7 ಸಿಗುವುದು ಅವಮಾನವಲ್ಲ, ಅಲ್ಲಿ 1971ರಲ್ಲಿ 2,09,843 ಜನರಿಗೆ 32 ಶಾಸಕರು. ಸಾವಿರ ಜನಕ್ಕೆ ಒಂದು ಮತಮೌಲ್ಯ, ಗ್ಯಾಂಗ್ಟಕ್ಕಾದರೂ ಗದಗವಾದರೂ. ಉಚಿತ ಎರಡು ಮತ ಯಾರಿಗೂ ಇಲ್ಲ. ಆದರೆ ಅಮೆರಿಕ ಹತ್ತು ವರ್ಷಕ್ಕೊಮ್ಮೆ ಗಣತಿ ಮಾಡಿ ಎಲೆಕ್ಟರುಗಳನ್ನು ಮರುಹಂಚುತ್ತದೆ. 2020ರ ಗಣತಿಯ ಬಳಿಕ ಕ್ಯಾಲಿಫೋರ್ನಿಯ 55ರಿಂದ 54ಕ್ಕೆ ಇಳಿಯಿತು. ನಾವು 1976ರ 42ನೇ ತಿದ್ದುಪಡಿಯಲ್ಲಿ 1971ರ ಅಂಕಿಗೆ ಬೀಗ ಹಾಕಿ, ಆಮೇಲೆ 84ನೇ ತಿದ್ದುಪಡಿಯಲ್ಲಿ ಆ ಬೀಗವನ್ನು 2026ರ ನಂತರದ ಮೊದಲ ಗಣತಿಯವರೆಗೆ ಮುಂದುವರಿಸಿದೆವು. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಗಳಿಗೆ ಶಿಕ್ಷೆ ಆಗಬಾರದು ಎಂಬುದು ಕಾರಣ. ಹೆಬ್ಬಾಳದ ಸೈಟಿಗೆ 1971ರ ಗೈಡೆನ್ಸ್ ವ್ಯಾಲ್ಯೂ ಹಾಕಿ ನೋಂದಣಿ ಮಾಡಿದಂತೆ ಈಗಿನ ಸ್ಥಿತಿ.

1971ರಲ್ಲಿ ಬೆಂಗಳೂರು 16.5 ಲಕ್ಷದ ಊರು. ಹೆಬ್ಬಾಳ ಅಂದರೆ ಕೆರೆ ಮತ್ತು ಕೃಷಿ ವಿಶ್ವವಿದ್ಯಾಲಯ. ಯಲಹಂಕದಲ್ಲಿ ವಾಯುನೆಲೆ ಇತ್ತು, ರೈಲ್ವೆ ಗಾಲಿ ಕಾರ್ಖಾನೆ ಇನ್ನೂ ಬಂದಿರಲಿಲ್ಲ, ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ 37 ವರ್ಷ ಬಾಕಿ. 2011ರ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆಯಲ್ಲಿ 96,21,551 ಜನ. ಇಷ್ಟೂ ಬೆಳವಣಿಗೆಗೆ ರಾಷ್ಟ್ರಪತಿ ಚುನಾವಣೆಯಲ್ಲಿ ಲೆಕ್ಕವಿಲ್ಲ.

ಬೀಗ ತೆಗೆದರೆ ಏನಾಗುತ್ತದೆ? 2011ರ ಅಂಕಿ ಹಾಕಿ ನೋಡಿದೆ. ಕರ್ನಾಟಕದ ಜನ 6,10,95,297. ಶಾಸಕರ ಮತ 131ರಿಂದ 273. ಇಷ್ಟು ಕೇಳಿ ಹಿಗ್ಗುವ ಮುನ್ನ ಬೇರೆಯವರನ್ನೂ ನೋಡಬೇಕು. ಉತ್ತರ ಪ್ರದೇಶ 208ರಿಂದ 496. ಬಿಹಾರ 173ರಿಂದ 428. ತಮಿಳುನಾಡು 176ರಿಂದ 308. ಕೇರಳ 152ರಿಂದ 239. ಮಧ್ಯಪ್ರದೇಶ, 507ರ ಶೇಷದಿಂದ ನಮಗೆ ಸರಿಸಮನಾಗಿ 131ಕ್ಕೆ ಬಂದು ನಿಂತಿತ್ತಲ್ಲ, ಅದು 316. ರಾಜಸ್ಥಾನ ಈಗ 129, ನಮಗಿಂತ ಎರಡು ಕಡಿಮೆ. 2011ರ ಲೆಕ್ಕಕ್ಕೆ 343, ನಮಗಿಂತ 70 ಹೆಚ್ಚು.

ಇಲ್ಲಿಂದ ದಕ್ಷಿಣಕ್ಕೆ ಅನ್ಯಾಯ ಎಂಬ ತೀರ್ಮಾನಕ್ಕೆ ಹಾರುವುದು ಸುಲಭ. ರಾಜ್ಯವಾರು ಪಾಲು ತೆಗೆದರೆ ಚಿತ್ರ ಸ್ವಲ್ಪ ಬೇರೆ. ದೇಶದ ಜನಸಂಖ್ಯೆಯಲ್ಲಿ 1971ರಿಂದ 2011ಕ್ಕೆ ತಮಿಳುನಾಡಿನ ಪಾಲು ಶೇ 7.5ರಿಂದ 6.0ಕ್ಕೆ ಇಳಿದಿದೆ. ಕೇರಳದ್ದು ಶೇ 3.9ರಿಂದ 2.8ಕ್ಕೆ. ಕರ್ನಾಟಕದ್ದು ಶೇ 5.3ರಿಂದ 5.0ಕ್ಕೆ. ತಮಿಳುನಾಡಿಗೆ ಹಳೆ ಪಾಲಿನ ಐದನೇ ಒಂದರಷ್ಟು ಹೋಗುತ್ತದೆ, ಕೇರಳಕ್ಕೆ ಅದಕ್ಕಿಂತ ಹೆಚ್ಚು, ನಮಗೆ ಹದಿನೆಂಟನೇ ಒಂದರಷ್ಟು. ದಕ್ಷಿಣ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಈ ಅಂತರ ಮುಚ್ಚಿಹೋಗುತ್ತದೆ. ಕರ್ನಾಟಕ ತೀರ ಇಳಿಯದಂತೆ ತಡೆದವರಲ್ಲಿ ಹೊರಗಿನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದವರೂ ಸೇರಿದ್ದಾರೆ. ಊರಿಗೆ ಬಂದವರ ಬಗ್ಗೆ ಗೊಣಗುವವರು ಈ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಮನೆಯೊಳಗಿನ ವಯೋಮಿಂಗ್

ನನ್ನ ದೃಷ್ಟಿಯಲ್ಲಿ ದೊಡ್ಡ ಏರುಪೇರು ರಾಜ್ಯ ರಾಜ್ಯಗಳ ನಡುವೆ ಇಲ್ಲ, ಕರ್ನಾಟಕದ ಒಳಗೇ ಇದೆ. ಸಂವಿಧಾನ ರಾಜ್ಯದ ಒಟ್ಟು ಜನರನ್ನು ಶಾಸಕರಿಗೆ ಸಮನಾಗಿ ಹಂಚುತ್ತದೆ, ಕ್ಷೇತ್ರ ದೊಡ್ಡದೋ ಚಿಕ್ಕದೋ ಕೇಳುವುದಿಲ್ಲ. ಯಶವಂತಪುರ ಕ್ಷೇತ್ರದಲ್ಲಿ 2023ರಲ್ಲಿ ಮತದಾರರು 5 ಲಕ್ಷಕ್ಕೂ ಮೇಲೆ. ಶೃಂಗೇರಿಯಲ್ಲಿ 1.7 ಲಕ್ಷದ ಒಳಗೆ. ಇಬ್ಬರಿಗೂ 131. ಯಶವಂತಪುರದಲ್ಲಿ 3,800ಕ್ಕೂ ಹೆಚ್ಚು ಮತದಾರರು ಸೇರಿದರೆ ಒಂದು ಮತಮೌಲ್ಯ, ಶೃಂಗೇರಿಯಲ್ಲಿ 1,300ರ ಒಳಗೇ ಒಂದು. ಮೂರು ಪಟ್ಟು. ವಯೋಮಿಂಗ್ ಮತ್ತು ಕ್ಯಾಲಿಫೋರ್ನಿಯದ 3.8 ಪಟ್ಟಿಗೆ ಇದೇನು ದೂರವಲ್ಲ. ಅಮೆರಿಕದವರಿಗೆ ಹುಟ್ಟಿನಿಂದ ಬಂದದ್ದು ನಮಗೆ ವಲಸೆಯಿಂದ ಬಂದಿದೆ.

2023ರ ಮೇ ತಿಂಗಳಲ್ಲಿ ಘೋಷಿಸಿದ ಫಲಿತಾಂಶದಲ್ಲಿ ಯಶವಂತಪುರದಲ್ಲಿ ಗೆದ್ದವರಿಗೆ 1,69,149 ಮತ, ಸೋತವರಿಗೆ 1,54,031. ಶೃಂಗೇರಿಯಲ್ಲಿ ಗೆದ್ದವರಿಗೆ 59 ಸಾವಿರ. ಯಶವಂತಪುರದಲ್ಲಿ ಸೋತವರ ಹಿಂದೆ ಶೃಂಗೇರಿಯಲ್ಲಿ ಗೆದ್ದವರಿಗಿಂತ ಎರಡೂವರೆ ಪಟ್ಟು ಜನ ನಿಂತಿದ್ದರು. ಗೆದ್ದವರಿಗೆ ಪೂರಾ ಎಂಬುದು ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿಲ್ಲ ಎಂದೆನಲ್ಲ, ಅದು ಇರುವುದು ಒಂದು ಮೆಟ್ಟಿಲು ಕೆಳಗೆ. ಅದೇ ಚುನಾವಣೆಯಲ್ಲಿ ಜಯನಗರ ತೀರ್ಮಾನವಾದದ್ದು 16 ಮತಗಳಿಂದ. ಆ ಹದಿನಾರರ ಹಿಂದೆ ಇಡೀ 131 ಒಂದು ಪಕ್ಷದ ಕಡೆಗೆ ಹೋಯಿತು. ಫ್ಲಾರಿಡಾದ 537 ಅದರ ಮುಂದೆ ಧಾರಾಳವೇ.

ಕ್ಷೇತ್ರಗಳ ಗಡಿ ಹೀಗೆ ಹಳಸಿದ್ದಕ್ಕೆ ಇನ್ನೊಂದು ಗಡಿಯಾರ ಕಾರಣ. ಸ್ಥಾನಗಳ ಸಂಖ್ಯೆ 1971ಕ್ಕೆ ನಿಂತಿದೆ, ರಾಜ್ಯದೊಳಗಿನ ಗಡಿಗಳು 2001ರ ಗಣತಿಗೆ. 2008ರ ಪುನರ್ವಿಂಗಡಣೆಯಲ್ಲಿ ಹೆಬ್ಬಾಳ, ಬ್ಯಾಟರಾಯನಪುರ, ಯಶವಂತಪುರ ಹೊಸದಾಗಿ ಹುಟ್ಟಿದವು, ಬೆಂಗಳೂರಿನ ಸ್ಥಾನಗಳು 16ರಿಂದ 28ಕ್ಕೆ ಏರಿದವು. ಲೆಕ್ಕ ಅಂದಿಗೆ ಸರಿಯಾಗಿತ್ತು. 2001ರಲ್ಲಿ ನಗರ ಜಿಲ್ಲೆಯ ಪಾಲು ರಾಜ್ಯದ ಶೇ 12.4, 28 ಸ್ಥಾನ ಎಂದರೆ 224ರ ಶೇ 12.5. ಹತ್ತು ವರ್ಷ ಕಳೆದು 2011ಕ್ಕೆ ಆ ಪಾಲು ಶೇ 15.7 ಆಯಿತು. ಅಂದಿನ ಜನಕ್ಕೇ 35 ಸ್ಥಾನ ಬರಬೇಕಿತ್ತು. ಕೊರತೆ 7, ರಾಷ್ಟ್ರಪತಿ ಚುನಾವಣೆಯ ಭಾಷೆಯಲ್ಲಿ 917 ಮತಮೌಲ್ಯ. ಅದೇನೂ ದೆಹಲಿಗೆ ಹೋಗಿಲ್ಲ, ಉಳಿದ ಜಿಲ್ಲೆಗಳ ಬಳಿಯೇ ಇದೆ. ಮಲೆನಾಡಿನವರು ಇದನ್ನು ಓದಿ ಬೇಸರಿಸಬಾರದು. ರಸ್ತೆ, ಆಸ್ಪತ್ರೆ, ಕಾಲೇಜುಗಳಲ್ಲಿ ಬೆಂಗಳೂರು ತನ್ನ ಪಾಲಿಗಿಂತ ಹೆಚ್ಚು ಪಡೆದಿದೆ, ಮತದ ತೂಕವೂ ಅಲ್ಲೇ ಸೇರಲಿ ಎಂದು ನಾನೇನೂ ವಾದಿಸುತ್ತಿಲ್ಲ.

ಮುರ್ಮು ಅವರ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ. ಹೊಸ ಜನಗಣತಿಗೆ ನಿಗದಿಯಾದ ಎಣಿಕೆಯ ದಿನ 2027ರ ಮಾರ್ಚ್ 1. ಗಣತಿ ನಡೆದರಷ್ಟೇ ಸಾಲದು, ಅಂಕಿಗಳು ಪ್ರಕಟವಾದ ಮೇಲೇ 1971ರ ಬೀಗ ತೆರೆಯುವುದು. ತೆರೆದ ಮೇಲೆ ಬರುವ ಎರಡು ಬದಲಾವಣೆಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು, ಚರ್ಚೆಗಳಲ್ಲಿ ಅವನ್ನು ಕಲಸಿಬಿಡುತ್ತಾರೆ. ವಿಧಾನಸಭೆಯ ಸ್ಥಾನ ಹೆಚ್ಚಿಸಿದರೆ ರಾಜ್ಯಕ್ಕೆ ಈ ಚುನಾವಣೆಯಲ್ಲಿ ಏನೂ ಲಾಭವಿಲ್ಲ. 2011ರ ಜನಸಂಖ್ಯೆಗೇ 224ರ ಬದಲು 448 ಶಾಸಕರಿದ್ದಾರೆಂದು ಇಟ್ಟುಕೊಳ್ಳಿ, ಒಬ್ಬೊಬ್ಬರ ಮತ 273ರಿಂದ 136ಕ್ಕೆ ಇಳಿಯುತ್ತದೆ, ಒಟ್ಟು ಹೆಚ್ಚುಕಡಿಮೆ ಅಷ್ಟೇ. ಹೆಬ್ಬಾಳ ಎರಡಾಗಿ ಒಡೆದರೆ ಹೆಬ್ಬಾಳದವರಿಗೆ ಲಾಭ, ಕರ್ನಾಟಕಕ್ಕಲ್ಲ. ಸಂಸದರ ಅರ್ಧ ಹಾಗಲ್ಲ. ಅಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ, ತೂಕ ನಿಂತಿರುವುದು ತಲೆಗಳ ಮೇಲೆ. ಈಗ ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12, ಒಟ್ಟು 776ರಲ್ಲಿ 40, ಅಂದರೆ ಶೇ 5.15. ಲೋಕಸಭೆಯ ಸ್ಥಾನಗಳನ್ನು ಯಾವ ಗಣತಿಯ ಆಧಾರದಲ್ಲಿ, ಯಾವ ಪ್ರಮಾಣದಲ್ಲಿ ಹಂಚುತ್ತಾರೆ ಎಂಬುದರ ಮೇಲೆ ಬದಲಾಗುವುದು ಈ ಅಂಕಿ.